ಸೂಜಿ ಹುಟ್ಟಿಸಿದ ಕಲ್ಲು

ಸೆಪ್ಟೆಂಬರ್ 9

ಅಕ್ಕಾ,

'ನಾನಿಲ್ಲಿ ಕ್ಷೇಮ' ಎಂದು ಶುರು ಮಾಡೋಣ ಎಂದುಕೊಂಡೆ. ಆದರೆ ಸುಳ್ಳಿಗೂ ಒಂದು ಮಿತಿ ಬೇಡವೇ? ಅರ್ಧ ಕ್ಷೇಮ. ಉಳಿದರ್ಧ ದಿನಾ ಬೆಳಿಗ್ಗೆ ಸೂಜಿಯಲ್ಲಿ ಬರುತ್ತದೆ.

ಶನಿವಾರ ದೊಡ್ಡಾಸ್ಪತ್ರೆಯಿಂದ ಬಿಟ್ಟರು. ನನ್ನ ಹೆಂಡತಿ, ಅಂದರೆ ನಿನ್ನ ನಾದಿನಿ, ನಿನಗೆ ಕಾರ್ಡಿನಲ್ಲಿ 'ಸ್ವಲ್ಪ ಜ್ವರ, ಗಾಬರಿ ಬೇಡ' ಎಂದು ಬರೆದಳಂತೆ. ಸ್ವಲ್ಪ ಅಲ್ಲ. ನನ್ನದೊಂದು ಹುಳುಕು ದವಡೆಹಲ್ಲು ಇತ್ತಲ್ಲ, ಕೀಳಿಸಿದರೆ ಗಾಜು ಊದುವಾಗ ಕೆನ್ನೆ ಸೋರುತ್ತದೆ ಎಂದು ವರ್ಷಗಟ್ಟಲೆ ಮುದ್ದು ಮಾಡಿ ಇಟ್ಟುಕೊಂಡಿದ್ದೆ. ಅದರ ಕೊಳೆ ರಕ್ತಕ್ಕಿಳಿದು, ರಕ್ತದ ಜೊತೆ ಹೃದಯಕ್ಕೆ ಹೋಗಿ, ಅಲ್ಲೊಂದು ಕವಾಟದ ಮೇಲೆ ಬಿಡಾರ ಹೂಡಿದೆ. ಚಿಕ್ಕಂದಿನ ಕೀಲುಜ್ವರದಲ್ಲಿ ಆ ಕವಾಟ ಮೊದಲೇ ಸವೆದಿತ್ತಂತೆ. ನಿನಗೆ ದಡಾರದಲ್ಲಿ ಕಿವಿ ಹೋಯಿತು, ನನಗೆ ಕೀಲುಜ್ವರದಲ್ಲಿ ಕವಾಟ. ನಮ್ಮ ಮನೆಯ ಹಂಚಿಕೆಯಲ್ಲಿ ಯಾವತ್ತೂ ಮೋಸ ಇರಲಿಲ್ಲ.

ಈಗ ಜ್ವರ ಇಳಿದಿದೆ. ಆದರೂ ಮುಂದಿನ ತಿಂಗಳ ಮಧ್ಯದವರೆಗೆ ದಿನಾ ಸೂಜಿ. ನಮ್ಮ ಬೀದಿಯ ತಿರುವಿನಲ್ಲಿ, ಬೀಗದ ಅಂಗಡಿಯ ಮೇಲಿನ ಕೋಣೆಯಲ್ಲಿ ಒಬ್ಬ ನರ್ಸಮ್ಮ ಇದ್ದಾರೆ. ಅವರು ಹಾಕುತ್ತಾರೆ. ಔಷಧಿಯ ಹೆಸರು ಸೆಫ್ಟ್ರಿಯಾಕ್ಸೋನ್. ಹೆಸರು ಹೇಳುವಷ್ಟರಲ್ಲೇ ಅರ್ಧ ರೋಗ ಓಡಿಹೋಗಬೇಕು. ಹೃದಯದ ಡಾಕ್ಟರು ಬಿಡುವಾಗ ಇನ್ನೂ ಏನೇನೋ ಹೇಳಿದರು. ನನ್ನ ತಲೆಗೆ ಹೊಕ್ಕಿದ್ದು ಒಂದೇ: ಸೂಜಿ ಮುಗಿಯುವವರೆಗೆ ಊದಬಾರದು.

ಹಾಗಾಗಿ ಕಾರ್ಖಾನೆಯಲ್ಲಿ ಸ್ಟೂಲಿನ ಮೇಲೆ ಕೂತು, ಬೇರೆಯವರು ಊದಿದ ಗಾಜಿನಲ್ಲಿ ಗುಳ್ಳೆ ಇದೆಯೇ ಎಂದು ಬೆಳಕಿಗೆ ಹಿಡಿದು ನೋಡುತ್ತೇನೆ. ಹಡಗಿನ ದೀಪಕ್ಕೆ ಹಾಕುವ ಆ ದೊಡ್ಡ ಗೋಳಗಳನ್ನು ಈ ಊರಿನಲ್ಲಿ ಒಂದೇ ಉಸಿರಿಗೆ ಊದುತ್ತಿದ್ದವನು ನಾನೊಬ್ಬ. ಈಗ ನನ್ನ ಕೊಳವೆ ನನ್ನ ಕೈಕೆಳಗಿದ್ದ ಕುಳ್ಳನ ಬಾಯಲ್ಲಿದೆ. ಮೇಸ್ತ್ರಿ ಹೇಳುತ್ತಾನೆ, "ಬೇಗ ವಾಸಿ ಮಾಡ್ಕೊಳಪ್ಪ, ಈ ಕುಳ್ಳ ಊದಿದ್ದು ಗೋಳ ಅಲ್ಲ, ಬದನೆಕಾಯಿ."

ಊದಿದರೆ ಗೋಳ, ಊದದಿದ್ದರೆ ಗೋಳು,
ಸ್ಟೂಲಿನ ಮೇಲೆ ಸವೆಯುತ್ತಿದೆ ಬಾಳು.

ಇದಕ್ಕೆ ನಿನ್ನ ಉತ್ತರ ಪ್ರಾಸದಲ್ಲೇ ಬರಲಿ.

ನಿನ್ನ ಪುಗ್ಗ


ಸೆಪ್ಟೆಂಬರ್ 13

ಪುಗ್ಗಾ,

'ಸ್ವಲ್ಪ ಜ್ವರ' ಎಂದು ಬರೆದ ನಾದಿನಿಗೆ ಹೇಳು, ನನಗೆ ಕೇಳಿಸದೇ ಇರುವುದು ಕಿವಿಯಿಂದ ಮಾತ್ರ. ಕಾರ್ಡಿನ ಮೇಲಿನ ಅವಳ ಅಕ್ಷರ ನಡುಗಿದ್ದು ನನಗೆ ಚೆನ್ನಾಗಿಯೇ ಕೇಳಿಸಿತು.

ನಿನ್ನ ಔಷಧಿಯ ಹೆಸರು ಓದಿ ನಕ್ಕೆ. ಅದು ನನ್ನ ಹಳೆಯ ಸ್ನೇಹಿತ. ನಮ್ಮ ಪ್ರೆಸ್ಸಿನಲ್ಲಿ ಅಚ್ಚಾಗುವ ಔಷಧಿ ಚೀಟಿಗಳನ್ನು ತಿದ್ದುವುದು ನಾನೇ ಎಂದು ನಿನಗೆ ಗೊತ್ತು. ಪೆಟ್ಟಿಗೆಯೊಳಗೆ ಎಂಟು ಮಡಿಕೆ ಮಾಡಿ ತುರುಕಿರುತ್ತಾರಲ್ಲ, ಬಿಚ್ಚಿದ ತಕ್ಷಣ ಎಲ್ಲರೂ ಬಿಸಾಡುವ ಸಾಹಿತ್ಯ, ಅದು. ಬೇರೆ ಕಡೆಗಳಲ್ಲಿ ಇಬ್ಬರು ಕೂತು ತಿದ್ದುತ್ತಾರೆ. ಒಬ್ಬರು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಗುರುತು ಹಾಕುವುದು. ನನ್ನ ಮುಂದೆ ಗಟ್ಟಿಯಾಗಿ ಓದಿ ಯಾರಿಗೆ ಏನು ಲಾಭ? ಅದಕ್ಕೇ ಮಾಲೀಕರು ಹಾಳೆಯನ್ನೇ ಎರಡು ಪಾಲು ಮಾಡಿದರು. 'ಹೇಗೆ ತೆಗೆದುಕೊಳ್ಳಬೇಕು' ಎನ್ನುವ ಎಡ ಮಗ್ಗುಲು ಎದುರು ಮೇಜಿನ ಕನ್ನಡಕದ ಮೇಷ್ಟ್ರಿಗೆ. 'ಏನೇನು ತೊಂದರೆ ಆಗಬಹುದು' ಎನ್ನುವ ಬಲ ಮಗ್ಗುಲು ನನಗೆ. ಸೇರಿದಾಗಿನಿಂದ ನಾನು ಬಲ ಮಗ್ಗುಲಿನವಳು. ಔಷಧಿಯಿಂದ ಯಾರಿಗಾದರೂ ಒಳ್ಳೆಯದಾಯಿತು ಎಂಬ ಸುದ್ದಿ ನನ್ನ ಮೇಜಿಗೆ ಈವರೆಗೆ ಬಂದಿಲ್ಲ.

ಈಚೆಗೆ ಪ್ರೆಸ್ಸಿನಲ್ಲಿ ಯಾರಿಗೆ ತಲೆ ಸುತ್ತಿದರೂ, ತುರಿಕೆ ಬಂದರೂ ಔಷಧಿ ಪೆಟ್ಟಿಗೆ ಹಿಡಿದು ನನ್ನ ಮುಂದೆ ನಿಲ್ಲುತ್ತಾರೆ. ನಾನು ಬೆರಳಿಟ್ಟು ತೋರಿಸುತ್ತೇನೆ. ಅವರ ಮುಖದ ಮೇಲೆ ಆಗ ಬರುವ ಭಕ್ತಿ ನೋಡಬೇಕು. ಮೇಷ್ಟ್ರು ಮಾತ್ರ ಕನ್ನಡಕ ಒರೆಸುತ್ತಾರೆ. ಅದು ಅವರ ಹೊಟ್ಟೆಕಿಚ್ಚಿನ ಭಾಷೆ.

ನಿನಗೆ ಏನಾದರೂ ಹೊಸದಾಗಿ ಆದರೆ ನನಗೆ ಮೊದಲು ಬರೆ.

ಸ್ಟೂಲಿಗೂ ಬೇಕು ಒಬ್ಬ ಪಾಲಕ,
ಸಾಲದ್ದಕ್ಕೆ ನೀನೊಬ್ಬ ಹುಟ್ಟಾ ಚಾಲಾಕ.

ಪ್ರಾಸ ಕುಂಟುತ್ತಿದೆ, ಗೊತ್ತು. ಪ್ರೆಸ್ಸಿನಿಂದ ಬಂದು ಸುಸ್ತಾಗಿದ್ದೇನೆ.

ಅಕ್ಕ


ಸೆಪ್ಟೆಂಬರ್ 18

ಅಕ್ಕಾ,

ಹೊಸದಾಗಿ ಆಗಿದೆ.

ಬಲ ಪಕ್ಕೆಯ ಕೆಳಗೆ ನೋವು. ಮೊದಲು ಸ್ಟೂಲಿನ ಮೇಲೆ ಕೂತು ಕೂತು ಹಿಡಿದುಕೊಂಡಿದೆ ಎಂದುಕೊಂಡೆ. ಆಮೇಲೆ ಊಟವಾದ ತಕ್ಷಣ ಯಾರೋ ಒಳಗಿಂದ ಮುಷ್ಟಿಯಲ್ಲಿ ಹಿಂಡಿದ ಹಾಗೆ ಆಗತೊಡಗಿತು. ಬೆನ್ನಿನವರೆಗೆ ಹರಿಯುತ್ತದೆ. ಉದ್ದ ಉಸಿರು ಎಳೆದರೆ ಅರ್ಧದಲ್ಲೇ ತಡೆ ಬೀಳುತ್ತದೆ. ಇಷ್ಟು ವರ್ಷ ನನ್ನ ಕೈಯಲ್ಲಿದ್ದ ಆಸ್ತಿ ಉಸಿರೊಂದೇ, ಅದಕ್ಕೂ ಈಗ ಬೇಲಿ.

ನಿನ್ನ ನಾದಿನಿ ಎಳೆದುಕೊಂಡು ಹೋಗಿ ಬಸ್ ನಿಲ್ದಾಣದ ಹಿಂದಿನ ಸ್ಕ್ಯಾನ್ ಅಂಗಡಿಗೆ ಹಾಕಿದಳು. ಹೊಟ್ಟೆಗೆ ತಣ್ಣನೆ ಅಂಟು ಬಳಿದು, ಇಸ್ತ್ರಿಪೆಟ್ಟಿಗೆ ಆಡಿಸಿದ ಹಾಗೆ ಆಡಿಸಿ ಸ್ಕ್ಯಾನಿನವನು ಹೇಳಿದ, "ನೋಡಿ ಸಾರ್, ಪಿತ್ತಕೋಶದ ತುಂಬ ಕಲ್ಲು."

"ಆಸ್ಪತ್ರೆಯಲ್ಲಿ ಹೊಟ್ಟೇನೂ ಸ್ಕ್ಯಾನ್ ಮಾಡಿದ್ರಪ್ಪ, ಆವಾಗ ಒಂದೂ ಇರ್ಲಿಲ್ಲ" ಎಂದಳು ಇವಳು.

"ಆವಾಗ ಇರ್ಲಿಲ್ವೇನೋ ಅಮ್ಮ, ಈಗ ಇದೆ. ನಾನೇನು ಮನೆಯಿಂದ ತಂದು ಹಾಕಿದ್ನಾ?"

ಅಲ್ಲಿಂದ ಪೇಟೆಯ ಡಾಕ್ಟರ ಹತ್ತಿರ ಹೋದೆವು. ಅವರು ಚಿತ್ರ ನೋಡಿ, "ಪಿತ್ತಕೋಶ ತೆಗೆಸಿಬಿಡಿ" ಎಂದರು. ಹೃದಯದ ವಿಷಯ ಹೇಳಿದ ಮೇಲೆ ಪೆನ್ನು ಕೆಳಗಿಟ್ಟರು. "ಈ ಹೃದಯ ಇಟ್ಕೊಂಡು ಆಪರೇಷನ್ನಾ? ಮೊದಲು ಅವರನ್ನ ಕೇಳ್ಕೊಂಡು ಬನ್ನಿ." ಅವರನ್ನು ಕೇಳಬೇಕೆಂದರೆ ಒಂದು ಹಗಲು ಪೂರ್ತಿ ಬಸ್ಸಿನಲ್ಲಿ ಕುಲುಕಬೇಕು. ಅವರು ಬರಹೇಳಿರುವುದು ಹೇಗೂ ಸೂಜಿ ಮುಗಿದ ಮೇಲೆ. ಈಗಲೇ ಹೋಗಲೇ, ಆವರೆಗೆ ತಡೆಯಲೇ? ಹೋದರೆ ಮತ್ತೆ ಮಲಗಿಸಿಕೊಳ್ಳುತ್ತಾರೆ ಎಂಬ ಭಯ ಬೇರೆ.

ನಿನ್ನೆ ಯಾರೂ ಇಲ್ಲದಾಗ ಕೊಳವೆ ಎತ್ತಿ ನೋಡಿದೆ. ಊದಲಿಲ್ಲ, ಸುಮ್ಮನೆ ತುಟಿಗಿಟ್ಟೆ. ಕುಳ್ಳ ಹಿಂದೆಯೇ ನಿಂತಿದ್ದ. "ಅಣ್ಣಾ, ನಿಮ್ಮ ಜಾಗ ಎಲ್ಲೂ ಹೋಗಲ್ಲ" ಎಂದ. ಹಾಗೆ ಹೇಳುವವರು ಆ ಜಾಗದಲ್ಲೇ ನಿಂತಿರುತ್ತಾರೆ, ನೋಡಿದ್ದೀಯಾ?

ಏನು ಮಾಡಲಿ ಹೇಳು. ಇಲ್ಲಿ ಎಲ್ಲರೂ ಹೇಳುವವರೇ, ಯಾರಿಗೂ ಗೊತ್ತಿಲ್ಲ.

ಪುಗ್ಗ


ಸೆಪ್ಟೆಂಬರ್ 21

ಪುಗ್ಗಾ,

ನಿನ್ನ ಕಾಗದ ಓದಿ ಮುಗಿಸುವ ಮೊದಲೇ ನನಗೆ ಉತ್ತರ ಗೊತ್ತಾಯಿತು. ಖಾತ್ರಿಗಾಗಿ ನನ್ನ ಮಗ್ಗುಲಿನ ಹಳೆಯ ಅಚ್ಚು ತೆಗೆದು ನೋಡಿದೆ. ನನ್ನ ಕಾಲಮ್ಮಿನಲ್ಲಿ ಮೇಲಿಂದ ಐದನೆಯ ಸಾಲು: 'ಪಿತ್ತಕೋಶದಲ್ಲಿ ಔಷಧಿಯ ಹರಳುಗಟ್ಟುವಿಕೆ, ಸ್ಕ್ಯಾನಿನಲ್ಲಿ ಕಲ್ಲಿನಂತೆ ಕಾಣಬಹುದು, ಬಲಪಕ್ಕೆಯ ನೋವು, ಔಷಧಿ ನಿಂತ ಮೇಲೆ ಸಾಮಾನ್ಯವಾಗಿ ಕರಗುತ್ತದೆ.'

ಕೇಳಿದೆಯಾ? ಅದು ನಿನ್ನ ಕಲ್ಲಲ್ಲ, ಸೂಜಿಯ ಕಲ್ಲು. ಅವರೇ ದಿನಾ ಬೆಳಿಗ್ಗೆ ನಿನ್ನ ತೋಳಿನಿಂದ ಒಳಗೆ ಕಳಿಸಿ, ಈಗ ಅವರೇ ಹೊಟ್ಟೆ ಕೊಯ್ದು ಹೊರಗೆ ತೆಗೆಯುತ್ತಾರಂತೆ! ಇಲ್ಲದ ಕಲ್ಲಿಗೆ ಇರುವ ಹೃದಯವನ್ನು ಪಣಕ್ಕಿಡಬೇಡ. ಆಪರೇಷನ್ನಿಗೆ ಒಪ್ಪಿದರೆ ನಾನು ನಿನಗೆ ಅಕ್ಕನೇ ಅಲ್ಲ.

ಸೂಜಿ ನಿಲ್ಲಿಸು. ಜ್ವರ ಇಳಿದಿದೆ ಎಂದು ನೀನೇ ಬರೆದಿದ್ದೀಯ. ಹೋದ ನೆಂಟನಿಗೆ ಎಲೆ ಹಾಕಿಕೊಂಡು ಯಾಕೆ ಕೂರಬೇಕು? ದೊಡ್ಡಾಸ್ಪತ್ರೆಗೆ ಹೋದರೆ ಏನಾಗುತ್ತದೆ ಎಂದು ನಾನು ಇಲ್ಲಿಂದಲೇ ಹೇಳುತ್ತೇನೆ. ಈ ಔಷಧಿಯ ಕಾಟಕ್ಕೆ ಇನ್ನೊಂದು ಔಷಧಿ, ಅದರ ಕಾಟಕ್ಕೆ ಮತ್ತೊಂದು. ಆ ಎಲ್ಲದರ ಬಲ ಮಗ್ಗುಲನ್ನೂ ನಾನು ಓದಿದ್ದೇನೆ. ಓದಿದವರು ಯಾರೂ ನುಂಗುವುದಿಲ್ಲ.

ನಾದಿನಿಗೆ ಸದ್ಯಕ್ಕೆ ಹೇಳಬೇಡ, ಗಾಬರಿಯಾಗುತ್ತಾಳೆ. ನೋವು ನಿಂತ ಮೇಲೆ ಅವಳಿಗೆ ತಾನೇ ತಿಳಿಯುತ್ತದೆ.

ಸೂಜಿಯ ಬಿಟ್ಟರೆ ಕಲ್ಲು ಕರಗುತ್ತೆ,
ಕಲ್ಲು ಕರಗಿದರೆ ಕೊಳವೆ ತಿರುಗುತ್ತೆ.

ಅಕ್ಕ


ಸೆಪ್ಟೆಂಬರ್ 30

ಡಾಕ್ಟರಕ್ಕನಿಗೆ ಶಿಷ್ಯನ ನಮಸ್ಕಾರ.

ನೀನು ಹೇಳಿದಂತೆಯೇ ಆಯಿತು. ನಿನ್ನ ಕಾಗದ ಬಂದ ಮರುದಿನವೇ ನರ್ಸಮ್ಮನಿಗೆ, "ಇನ್ಮೇಲೆ ದೊಡ್ಡಾಸ್ಪತ್ರೆಯವರ ಕಡೆಯೇ ತಗೋತೀನಿ" ಎಂದು ಹೇಳಿ ಬಂದೆ. ಅವರು, "ಅಲ್ಲಿಗೆ ದಿನಾ ಹೋಗ್ತೀರಾ?" ಎಂದು ಕಣ್ಣರಳಿಸಿದರು. ಅಲ್ಲೇ ನೆಂಟರಿದ್ದಾರೆ ಎಂದೆ. ನನಗೆ ಇಷ್ಟು ಸಲೀಸಾಗಿ ಸುಳ್ಳು ಬರುತ್ತದೆ ಎಂದು ಗೊತ್ತಿದ್ದರೆ ಬೇರೆ ಕಸುಬು ಹಿಡಿಯುತ್ತಿದ್ದೆ. ಮನೆಯಲ್ಲಿ ಬೆಳಿಗ್ಗೆ ಎಂದಿನಂತೆ ತೋಳು ಮಡಚಿಕೊಂಡು ಹೊರಡುತ್ತೇನೆ, ಬೀಗದ ಅಂಗಡಿ ದಾಟಿ ನೇರ ಕಾರ್ಖಾನೆಗೆ.

ಮೊದಲ ಕೆಲವು ದಿನ ನೋವು ಹಾಗೇ ಇತ್ತು. ಆಮೇಲೆ ಸಡಿಲವಾಯಿತು. ಈಗ ಹೊಟ್ಟೆ ತುಂಬ ಉಂಡರೂ ಪಕ್ಕೆ ತೆಪ್ಪಗಿದೆ. ಮೊನ್ನೆ ಮೇಸ್ತ್ರಿಗೆ, "ಡಾಕ್ಟ್ರು ಊದು ಅಂದ್ರು" ಎಂದೆ. ಕೊಳವೆ ಕೈಗೆ ಬಂತು. ಕುಲುಮೆಯಿಂದ ಕೆಂಡದ ಮುದ್ದೆ ಎತ್ತಿ, ತಿರುಗಿಸಿ, ಊದಿದೆ. ಗೋಳ ಕುಂಬಳಕಾಯಿಯಷ್ಟಾಯಿತು, ಮಡಕೆಯಷ್ಟಾಯಿತು, ಕುಳ್ಳನ ತಲೆಯಷ್ಟಾಯಿತು. ಗುಳ್ಳೆ ಒಂದೂ ಇಲ್ಲ. ಎಲ್ಲರೂ ಚಪ್ಪಾಳೆ ಹೊಡೆದರು. ಕುಳ್ಳನೂ ಹೊಡೆದ, ಪಾಪ.

ಬಿಟ್ಟು ಬಹಳ ದಿನವಾಗಿತ್ತಲ್ಲ, ಕುಲುಮೆಯ ಕಾವು ಸ್ವಲ್ಪ ಜಾಸ್ತಿಯೇ ತಟ್ಟುತ್ತಿದೆ. ಮನೆಗೆ ಬಂದು ಮಲಗಿದ ಮೇಲೂ ಬೆವರು. ಅಂಗಿ ಹಿಂಡಿದರೆ ಬಿಂದಿಗೆ ತುಂಬುತ್ತದೆ. ಬಿಸಿಗೆ ಮೈ ಮತ್ತೆ ಒಗ್ಗಬೇಕು, ಅಷ್ಟೆ.

ಕಾಯಿಲೆಗೆ ಬೀಗ, ಕಲ್ಲಿಗೆ ರಜಾ,
ಅಕ್ಕನ ಓದೇ ಎಲ್ಲಕೂ ಮಜಾ!

ನಿನ್ನ ಪುಗ್ಗ


ಅಕ್ಟೋಬರ್ 4

ಪುಗ್ಗಾ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಮೂರನೆಯ ಸಲ ಪ್ರೆಸ್ಸಿನಲ್ಲೇ, ಎಲ್ಲರೂ ನೋಡಲಿ ಎಂದು.

ಮೇಷ್ಟ್ರಿಗೂ ತೋರಿಸಿದೆ. ಓದಿ ಕನ್ನಡಕ ತೆಗೆದು, ಒರೆಸಿ, ಚೂರು ಕಾಗದದ ಮೇಲೆ 'ಡಾಕ್ಟರಿಗೆ ಗೊತ್ತೇ?' ಎಂದು ಬರೆದು ನನ್ನ ಮುಂದೆ ಸರಿಸಿದರು. ನಾನು ಅದರ ಕೆಳಗೆ, 'ಡಾಕ್ಟರಿಗೆ ಗೊತ್ತಿದ್ದರೆ ಇವನ ಹೊಟ್ಟೆಗೆ ಹೊಲಿಗೆ ಬಿದ್ದಿರುತ್ತಿತ್ತು' ಎಂದು ಬರೆದೆ. ಅವರು ಇನ್ನೂ ಏನೋ ಬರೆಯಲು ಹೊರಟರು. ನಾನು ಪೆನ್ಸಿಲ್ ಕಿತ್ತಿಟ್ಟೆ. ವಯಸ್ಸಾದವರು, ಇನ್ನೊಬ್ಬರು ಗೆದ್ದದ್ದು ಸಹಿಸುವುದಿಲ್ಲ. ಮುಂದಿನ ವಾರ ಅವರು ಕಣ್ಣಿನ ಪೊರೆ ತೆಗೆಸಲು ರಜೆ ಹಾಕುತ್ತಾರಂತೆ. ಎರಡೂ ಮಗ್ಗುಲು ಆಗ ನನ್ನ ತಲೆಗೇ.

ಬೆವರಿನ ಮಾತಿಗೆ ನಗು ಬಂತು. ಕುಲುಮೆಯ ಮುಂದೆ ನಿಂತು ಬೆವರುತ್ತದೆ ಎಂದು ದೂರುವವನು ಕೊಳದಲ್ಲಿ ಮುಳುಗಿ ಒದ್ದೆಯಾಯಿತು ಎನ್ನುವವನ ಹಾಗೆ. ನೀರು ಚೆನ್ನಾಗಿ ಕುಡಿ.

ಗೆದ್ದ ಪುಗ್ಗನಿಗೆ
ಗೆಲ್ಲಿಸಿದ ಅಕ್ಕ


ಅಕ್ಟೋಬರ್ 11

ಅಕ್ಕಾ,

ಹೆಚ್ಚು ಬರೆಯಲಾರೆ, ಕೆಲಸ ಬಹಳ. ಗೋಳಗಳು ಹಡಗಿಗೆ ಹೋಗಬೇಕು.

ನಿನ್ನೆ ಒಂದು ಒಡೆಯಿತು. ತಪ್ಪು ಗಾಜಿನದಲ್ಲ. ಕೊಳವೆ ತುಟಿಗಿಟ್ಟಾಗ ಹಲ್ಲು ಕಟಕಟ ಎಂದು ಕಬ್ಬಿಣಕ್ಕೆ ಬಡಿಯಿತು. ಕುಲುಮೆಯ ಎದುರು ಚಳಿ! ಕುಳ್ಳ ನನ್ನ ಮುಖ ನೋಡಿದ. "ಅಣ್ಣಾ, ಕೂತ್ಕೊಳ್ಳಿ ಸ್ವಲ್ಪ" ಎಂದ. ಕೂತರೆ ಅವನು ನಿಲ್ಲುತ್ತಾನೆ ಎಂದು ನನಗೆ ಗೊತ್ತಿಲ್ಲವೇ.

ನಿನ್ನ ನಾದಿನಿ ಹಣೆ ಮುಟ್ಟಿ, "ಸುಡ್ತಾ ಇದೆಯಲ್ರೀ" ಎಂದಳು. "ಕುಲುಮೆಯವನ ಮೈ ಇನ್ನೇನು ತಣ್ಣಗಿರುತ್ತಾ?" ಎಂದೆ. ಅವಳು, "ಸೂಜಿ ಹಾಕಿಸ್ಕೊಂಡ್ರಾ ಇವತ್ತು?" ಎಂದಳು. "ಹೂಂ" ಎಂದೆ. ಅವಳೇ ಹೊಲಿದ ಕೈಗವಸು ನನ್ನ ಕೈಗೆ ಹಾಕುತ್ತಾ ಹೆಬ್ಬೆರಳು ಒಂದು ಕ್ಷಣ ಹಿಡಿದುಕೊಂಡೇ ಇದ್ದಳು. ಅವಳಿಗೆ ಸುಳ್ಳು ಹೇಳುವುದು ನರ್ಸಮ್ಮನಿಗೆ ಹೇಳಿದಷ್ಟು ಸಲೀಸಲ್ಲ.

ನೋವು ಮಾತ್ರ ಇಲ್ಲ. ಪಕ್ಕೆ ಚೆನ್ನಾಗಿದೆ. ಅದನ್ನೇ ಹೇಳೋಣ ಎಂದು ಬರೆದೆ.

ಪುಗ್ಗ


ಅಕ್ಟೋಬರ್ 15

ಪುಗ್ಗಾ,

ಇದನ್ನು ಓದುತ್ತಿರುವ ಜಾಗದಿಂದಲೇ ಎದ್ದು ದೊಡ್ಡಾಸ್ಪತ್ರೆಗೆ ಹೊರಡು. ಬಸ್ಸಿನಲ್ಲಿ ಬೇಡ, ಕಾರು ಮಾಡು. ನಾದಿನಿಗೆ ಹೇಳು. ಎಲ್ಲಾ ಹೇಳು. ಸೂಜಿ ಬಿಟ್ಟಿದ್ದೇನೆ ಎಂದು ಡಾಕ್ಟರಿಗೆ ಮೊದಲ ಮಾತಿನಲ್ಲೇ ಹೇಳು. ಬಿಡು ಎಂದವಳು ಅಕ್ಕ ಎಂದೂ ಹೇಳು.

ಮೇಷ್ಟ್ರು ರಜೆಯಲ್ಲಿದ್ದಾರೆ. ಇವತ್ತು ಎಡ ಮಗ್ಗುಲು ನನ್ನ ಮೇಜಿಗೆ ಬಂತು. ಬೇರೆ ಯಾವುದೋ ಔಷಧಿಯದು. ಅದರಲ್ಲಿ 'ಮಧ್ಯದಲ್ಲಿ ನಿಲ್ಲಿಸಬಾರದು' ಎಂಬ ಸಾಲು ನೋಡಿದ್ದೇ ಗೋದಾಮಿಗೆ ಓಡಿ ನಿನ್ನ ಔಷಧಿಯ ಹಾಳೆ ತೆಗೆಸಿ ಎಡಗಡೆ ಓದಿದೆ. 'ಗುಣವಾದಂತೆ ಕಂಡರೂ ನಿಲ್ಲಿಸಬಾರದು. ಹೃದಯದ ಸೋಂಕಿನಲ್ಲಿ ಪೂರ್ತಿ ಅವಧಿ ಅಗತ್ಯ. ಮಧ್ಯದಲ್ಲಿ ಬಿಟ್ಟರೆ ಸೋಂಕು ಮರಳಿ ಪ್ರಾಣಾಪಾಯ. ಪಕ್ಕೆನೋವು ಬಂದರೆ ವೈದ್ಯರಿಗೆ ತಿಳಿಸಿ. ಬೇರೆ ಔಷಧಿಗೆ ಬದಲಾಯಿಸಬಹುದು.' ಇಷ್ಟು ವರ್ಷ ಇದು ನನ್ನಿಂದ ಒಂದು ಮೇಜಿನಾಚೆ ಇತ್ತು.

ನಿನ್ನ ಕಾಗದಗಳನ್ನು ಮತ್ತೆ ಓದಿದೆ. ಬೆವರು. ಚಳಿ. ಸುಡುವ ಹಣೆ. ಅದು ಕುಲುಮೆಯದಲ್ಲ ಪುಗ್ಗಾ. ನಾನು ನಕ್ಕಿದ್ದೆ.

ಪ್ರೆಸ್ಸಿನ ಗುಮಾಸ್ತರಿಂದ ನಿನ್ನ ಕಾರ್ಖಾನೆಗೆ ಫೋನು ಮಾಡಿಸಿದೆ. ಅವರು ಮಾತಾಡುವಾಗ ಅವರ ಮುಖವನ್ನೇ ನೋಡುತ್ತಿದ್ದೆ. ಫೋನಿಟ್ಟು ಚೀಟಿಯಲ್ಲಿ ಬರೆದುಕೊಟ್ಟರು: 'ಇವತ್ತು ಕೆಲಸಕ್ಕೆ ಬಂದಿಲ್ಲವಂತೆ.' ಯಾಕೆ ಎಂದು ಕೇಳಿ ಎಂದೆ. ಮತ್ತೆ ಮಾಡಿದರು. ಯಾರೂ ಎತ್ತಲಿಲ್ಲ.

ಹೋಗು. ಉತ್ತರ ಬರೆಯಬೇಡ, ಹೋಗು.

ಅಕ್ಕ


ಅಕ್ಟೋಬರ್ 28

ಅತ್ತಿಗೆಯವರಿಗೆ,

ಫೋನು ಮಾಡಿ ಹೇಳುವ ಹಾಗಿಲ್ಲ, ಹೇಳಿ ಬರೆಸಲು ಇವರಿಗೆ ಮಾತಿಲ್ಲ. ಅದಕ್ಕೇ ನಾನು ಬರೆಯುತ್ತಿದ್ದೇನೆ. ನಿಮ್ಮಿಬ್ಬರ ಹಾಗೆ ಚೆಂದ ಮಾಡಿ ಬರೆಯಲು ನನಗೆ ಬರುವುದಿಲ್ಲ.

ನಿಮ್ಮ ಕೊನೆಯ ಕಾಗದ ಬರುವ ಹೊತ್ತಿಗೆ ನಾವು ಮನೆಯಲ್ಲಿ ಇರಲಿಲ್ಲ. ಹದಿನೈದನೆಯ ತಾರೀಖು ಬೆಳಿಗ್ಗೆ ಇವರು ಮಂಚದ ತುದಿಯಲ್ಲಿ ಕೂತು ಬೂಟಿನ ದಾರ ಕಟ್ಟುತ್ತಿದ್ದರು. ಎಷ್ಟು ಹೊತ್ತಾದರೂ ಏಳಲಿಲ್ಲ. "ಏನ್ರೀ, ಬೂಟು ಹೊಲೀತಾ ಇದೀರಾ?" ಅಂದೆ. ತಲೆ ಎತ್ತಿ ನಕ್ಕರು. ಬಾಯಿಯ ಒಂದು ಪಕ್ಕ ಮಾತ್ರ ನಕ್ಕಿತು. ಕುಳ್ಳನೇ ಬಂದು ಹೊತ್ತುಕೊಂಡು ಇಳಿಸಿದ. ದಾರಿಯುದ್ದಕ್ಕೂ ಕಾರಿನಲ್ಲಿ ಇವರ ತಲೆ ಅವನ ತೊಡೆಯ ಮೇಲಿತ್ತು.

ಕವಾಟದ ಮೇಲೆ ಬೆಳೆದಿದ್ದರಲ್ಲಿ ಒಂದು ಚೂರು ಕಿತ್ತು ತಲೆಗೆ ಹೋಗಿದೆ ಅಂದರು. ಬಲಗೈ ಬಲಗಾಲು ಬಿದ್ದಿವೆ. ಮಾತು ಹೋಗಿದೆ. ನಾವು ಹೇಳಿದ್ದು ತಿಳಿಯುತ್ತದೆ. ಅಕ್ಷರ ತೋರಿಸಿದರೆ ಕಣ್ಣು ಓಡಾಡುತ್ತದೆ, ಏನು ಅಂತ ಹತ್ತುವುದಿಲ್ಲ. ಜ್ವರ ನಿಲ್ಲುತ್ತಿಲ್ಲ. ಕವಾಟ ಹರಿದಿದೆ. ಅದಕ್ಕೆ ಆಪರೇಷನ್ ಬೇಕು, ತಲೆ ಈ ಸ್ಥಿತಿಯಲ್ಲಿ ಇರುವಾಗ ಮಾಡುವ ಹಾಗಿಲ್ಲ ಅಂತಾರೆ. ಇನ್ನೊಂದು ಚೂರು ಯಾವಾಗ ಹೊರಡುತ್ತದೋ ನಾವು ಹೇಳಲಾರೆವು ಅಂತಾರೆ.

ಹೃದಯದ ಡಾಕ್ಟರು ನನ್ನ ಕೇಳಿದರು, "ಸೂಜಿ ತಪ್ಪಿಸಿದ್ರಾ?" "ಒಂದು ದಿನಾನೂ ಇಲ್ಲ ಡಾಕ್ಟ್ರೇ, ದಿನಾ ತೋಳು ಮಡಚ್ಕೊಂಡು ಹೋಗೋದು ನಾನೇ ನೋಡಿದೀನಿ" ಅಂದೆ. ನಾನು ಎಷ್ಟು ಗಟ್ಟಿಯಾಗಿ ಹೇಳಿದೆ ಅಂದರೆ ಅವರು ನಂಬಿ, ಔಷಧಿಯೇ ಸೋತಿದೆ ಅಂದುಕೊಂಡು ಮೂರು ದಿನ ಬೇರೆ ಬೇರೆ ಪರೀಕ್ಷೆ ಮಾಡಿದರು. ಆಮೇಲೆ ನರ್ಸಮ್ಮ ನೋಡಲು ಬಂದರು. "ಇಲ್ಲೇ ಹಾಕಿಸ್ಕೋತಾ ಇದ್ರಲ್ವಾ?" ಅಂತ ನನ್ನನ್ನೇ ಕೇಳಿದರು. ಬಿಡುಗಡೆಯ ದಿನ ಡಾಕ್ಟರು, ಇದು ಜ್ವರದ ಸೂಜಿ ಅಲ್ಲ, ಪ್ರಾಣದ ಸೂಜಿ, ಒಂದೂ ತಪ್ಪಬಾರದು ಅಂತ ನಮ್ಮಿಬ್ಬರಿಗೂ ಹೇಳಿದ್ದರು. ಇವರು ಅದನ್ನು ನಿಮಗೆ ಬರೆದಿರಲಿಲ್ಲ ಅನ್ನಿಸುತ್ತದೆ.

ಸ್ವಲ್ಪ ಖುಷಿಯಾಗಲಿ ಅಂತ ಮನೆಯಿಂದ ನಿಮ್ಮ ಕಾಗದಗಳ ಕಟ್ಟು ತಂದೆ. ಓದಿ ಹೇಳುತ್ತಿದ್ದೆ. ಮೊದಲನೆಯದಕ್ಕೆ ನಕ್ಕರು, ಅದೇ ಒಂದು ಪಕ್ಕದ ನಗು. ಎರಡನೆಯದು ತೆಗೆದೆ, ಇಪ್ಪತ್ತೊಂದನೇ ತಾರೀಖಿನದು. 'ನಿನ್ನ ಕಲ್ಲಲ್ಲ' ಅನ್ನುವಲ್ಲಿಗೆ ಬಂದಾಗ ಎಡಗೈ ಎತ್ತಿ ಕಾಗದದ ಮೇಲೆ ಅಂಗೈ ಇಟ್ಟರು. ನೋವಿಗೆ ಹೀಗೆ ಮಾಡುತ್ತಾರೇನೋ ಅಂತ ಸರಿಸಿದೆ. ಮತ್ತೆ ಇಟ್ಟರು. ಸರಿಸಿದೆ, ಇಟ್ಟರು. ಕಣ್ಣಲ್ಲಿ ನೀರು. ನಾನು ಬಿಟ್ಟುಬಿಟ್ಟೆ. ಅವರು ನಿದ್ದೆ ಹೋದ ಮೇಲೆ ವರಾಂಡದಲ್ಲಿ ನಿಂತು ಪೂರ್ತಿ ಓದಿದೆ.

ನಾದಿನಿಗೆ ಹೇಳಬೇಡ ಅಂತ ಬರೆದಿದ್ದೀರಿ. ಅದರ ಕೆಳಗೆ ಒಂದು ಪದ್ಯ ಬೇರೆ.

ನಿನ್ನೆ ಮತ್ತೆ ಹೊಟ್ಟೆ ಸ್ಕ್ಯಾನ್ ಮಾಡಿದರು. ಚಿಕ್ಕ ವಯಸ್ಸಿನ ಡಾಕ್ಟರು, ಪಾಪ, ಈ ಮನುಷ್ಯನ ವಿಷಯದಲ್ಲಿ ಒಂದಾದರೂ ಒಳ್ಳೆ ಸುದ್ದಿ ಹೇಳೋಣ ಅಂತ ಓಡಿ ಬಂದರು. "ಪಿತ್ತಕೋಶದಲ್ಲಿ ಒಂದೂ ಕಲ್ಲಿಲ್ಲ ಅಮ್ಮ, ಪೂರ್ತಿ ಕರಗಿದೆ." ಅವರನ್ನೇ ಕೇಳಿದೆ, ಸೂಜಿ ಮುಗಿಸಿದ್ದರೆ? ಆಗಲೂ ಕರಗುತ್ತಿದ್ದವು ಅಂದರು. ತಡೆಯಲಾರದ ನೋವಾಗಿದ್ದರೆ ಬೇರೆ ಔಷಧಿಗೆ ಬದಲಾಯಿಸುತ್ತಿದ್ದೆವು, ಒಂದು ಮಾತು ಹೇಳಬಹುದಿತ್ತಲ್ಲ ಅಂದರು.

ನೀವು ಬರೆದಿದ್ದು ನಿಜವಾಗಿದೆ ಅತ್ತಿಗೆ. ಕಲ್ಲು ಕರಗಿದೆ.

ನಿಮಗೆ ಏನು ಬರೆಯಬೇಕೆಂದು ಬಹಳ ದಿನ ಯೋಚಿಸಿದೆ. ಏನೂ ಇಲ್ಲ.


ನವೆಂಬರ್ 2

ಅಮ್ಮಾ,

ನಿನ್ನನ್ನು ಈ ಹೆಸರಿನಿಂದ ನಾನು ಯಾವತ್ತೂ ಕರೆದಿಲ್ಲ. ನಾದಿನಿ ಎಂದು ಕರೆಯುವ ಧೈರ್ಯ ಈಗ ಇಲ್ಲ.

ಈ ಕಾಗದವನ್ನು ಅವನಿಗೆ ಓದಬೇಡ, ನೀನು ಓದು.

ಎರಡು ಮಗ್ಗುಲಿನ ಕಥೆ ನನ್ನ ಹಿಂದಿನ ಕಾಗದದಲ್ಲಿ ನೀನು ಓದಿರುತ್ತೀಯ. ಅದನ್ನು ನೆಪ ಎಂದು ಹಿಡಿಯಬೇಡ. ಹಾಳೆಯ ಇನ್ನೊಂದು ಅರ್ಧ ಕೈ ಚಾಚುವ ದೂರದಲ್ಲಿತ್ತು. ಮೇಷ್ಟ್ರು ಬರೆಯಲು ಹೊರಟ ಚೀಟಿಯನ್ನು ಬರೆಯಲು ಬಿಟ್ಟಿದ್ದರೆ ಆಗಲೇ ತಿಳಿಯುತ್ತಿತ್ತು. ಅವರು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದಾರೆ. ಹೋಗಿ ಅವರ ಅಂಗೈ ಮೇಲೆ ಬೆರಳಿನಿಂದ ಬರೆದು ಕೇಳಿದೆ, ಆ ದಿನ ಏನು ಬರೆಯಲು ಹೊರಟಿದ್ದಿರಿ ಎಂದು. ಅವರು ನನ್ನ ಅಂಗೈ ಮೇಲೆ ಬರೆದರು: 'ಮರೆತೆ.' ಅವರು ಮರೆಯುವವರಲ್ಲ.

ನಾನು ಅಷ್ಟು ಖಚಿತವಾಗಿ ಬರೆದದ್ದು ಯಾಕೆ ಎಂದು ನನ್ನನ್ನೇ ಕೇಳಿಕೊಂಡೆ. ಜನ ಮಾತಾಡುವ ಕಡೆಯೆಲ್ಲ ಸುಮ್ಮನೆ ನಗುತ್ತಾ ಕೂತವಳು ನಾನು. ಯಾರೂ ನನ್ನನ್ನು ಏನೂ ಕೇಳುತ್ತಿರಲಿಲ್ಲ. ಅವನೊಬ್ಬ ಕೇಳಿದ, 'ಏನು ಮಾಡಲಿ ಹೇಳು' ಎಂದ. ಹೇಳಲು ನನ್ನ ಹತ್ತಿರ ಏನೋ ಇದೆ ಎನ್ನುವ ಸಡಗರದಲ್ಲಿ, ಕೇಳಿದವನ ಹೃದಯದಲ್ಲಿ ಏನಿದೆ ಎಂಬುದು ಮರೆತೇಹೋಯಿತು. ಕಲ್ಲಿನ ವಿಷಯದಲ್ಲಿ ನಾನು ಸರಿ ಇದ್ದೆ. ಅದೇ ನನ್ನನ್ನು ಈಗ ತಿನ್ನುತ್ತಿರುವುದು. ಪೂರ್ತಿ ತಪ್ಪಾಗಿದ್ದರೆ ಅವನು ನಂಬುತ್ತಿರಲಿಲ್ಲ.

ಹೃದಯದ ಡಾಕ್ಟರಿಗೆ ಬೇರೆ ಕಾಗದ ಹಾಕಿದ್ದೇನೆ. ಯಾವ ದಿನ ಸೂಜಿ ಬಿಡು ಎಂದೆ, ಜ್ವರ ಯಾವಾಗ ಶುರುವಾಯಿತು, ಬೆವರು ಯಾವತ್ತು, ಚಳಿ ಯಾವತ್ತು, ಅವನು ನನಗೆ ಬರೆದದ್ದೆಲ್ಲ ತಾರೀಖಿನ ಸಮೇತ ಬರೆದಿದ್ದೇನೆ. ಚಿಕಿತ್ಸೆಗೆ ಪ್ರಯೋಜನಕ್ಕೆ ಬಂದರೆ ಬರಲಿ. ನೀನು ಹೇಳಿದ್ದು ಸುಳ್ಳಲ್ಲ, ನಿನಗೆ ಗೊತ್ತಿರಲಿಲ್ಲ ಎಂದೂ ಬರೆದಿದ್ದೇನೆ. ಪರೀಕ್ಷೆಗಳಲ್ಲಿ ಕಳೆದ ಆ ಮೂರು ದಿನವೂ ನನ್ನ ಲೆಕ್ಕಕ್ಕೇ ಸೇರಿದ್ದು, ನಿನ್ನದಲ್ಲ.

ಒಂದು ಕೆಲಸ ಮಾಡು. ಇಪ್ಪತ್ತೊಂದನೇ ತಾರೀಖಿನ ನನ್ನ ಆ ಕಾಗದವನ್ನು ಮತ್ತೆ ಅವನ ಮುಂದೆ ಹಿಡಿ. ಅವನು ಕೈ ಇಟ್ಟರೆ ಮೆತ್ತಗೆ ಎತ್ತಿ ಪಕ್ಕಕ್ಕಿಡು. ಪೂರ್ತಿ ಗಟ್ಟಿಯಾಗಿ ಓದು, ಪದ್ಯದ ಸಮೇತ. ಓದಿ, ನನಗೆ ಗೊತ್ತು ಎಂದು ಹೇಳು. ಅವನು ಇನ್ನು ಅದನ್ನು ಮುಚ್ಚಿಡಬೇಕಾಗಿಲ್ಲ. ಅವನಿಗೆ ಉಳಿದಿರುವುದು ಒಂದು ಕೈ, ಅದು ನನ್ನನ್ನು ಕಾಯುವುದಕ್ಕೆ ಅಲ್ಲ.

ಗುರುವಾರದ ರೈಲಿಗೆ ಹೊರಡುತ್ತಿದ್ದೇನೆ. ಪ್ರೆಸ್ಸಿನ ಕೆಲಸ ಬಿಟ್ಟಿದ್ದೇನೆ. ಆಸ್ಪತ್ರೆಯಲ್ಲಿ ನಿನ್ನ ಪಾಳಿ ಮುಗಿದ ಮೇಲೆ ನನ್ನದು, ನೀನು ಒಪ್ಪಿದರೆ. ಒಪ್ಪದಿದ್ದರೆ ಹೊರಗೆ ಬೆಂಚಿನ ಮೇಲೆ ಕೂರುತ್ತೇನೆ.

ಮೊದಲು ನಿಮ್ಮ ಮನೆಗೆ ಬರುತ್ತೇನೆ. ಬಾಗಿಲು ತೆಗೆಯುವುದು, ಬಿಡುವುದು ನಿನ್ನಿಷ್ಟ. ಆದರೆ ಒಂದು ತಿಳಿದುಕೊಂಡಿರು. ಒಳಗಿನಿಂದ ನೀನು ಎಷ್ಟು ಬೈದರೂ ನನಗೆ ತಲುಪುವುದಿಲ್ಲ. ನನ್ನನ್ನು ಬೈಯಬೇಕೆಂದರೆ ನೀನು ಬಾಗಿಲು ತೆಗೆದು, ಬೆಳಕಿಗೆ ಮುಖ ಕೊಟ್ಟು, ನಿಧಾನವಾಗಿ ಬೈಯಬೇಕು. ನಾನು ನಿನ್ನ ತುಟಿಯನ್ನೇ ನೋಡುತ್ತಾ ನಿಂತಿರುತ್ತೇನೆ. ಒಂದು ಮಾತೂ ಬಿಡದೆ ಪೂರ್ತಿ ಓದುತ್ತೇನೆ.